ಮೇಲೆ ಹೋದ ಮಾಹಿತಿ ಕೆಳಗೂ ಬರಲಿ: ಆರೋಗ್ಯ ಸಚಿವರಿಗೆ ಆಶಾ ಕಾರ್ಯಕರ್ತೆಯೊಬ್ಬಳ ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಗರ್ಭಿಣಿ ಮತ್ತು ಬಾಣಂತಿಯರ ಆರೈಕೆಗೆ ಬಳಸುತ್ತಿರುವ ಆ್ಯಪ್, ಪೋರ್ಟಲ್‌ಗಳ ಕುರಿತು ಮನವಿ.

ಮಾನ್ಯರೇ,

ಸವಿನಯ ನಮಸ್ಕಾರಗಳು. ನಾನು ಕಲ್ಯಾಣ ಕರ್ನಾಟಕದ ಒಂದು ಹಳ್ಳಿಯಲ್ಲಿ ಹದಿನಾಲ್ಕು ವರ್ಷದಿಂದ ಆಶಾ ಕಾರ್ಯಕರ್ತೆಯಾಗಿ ಕೆಲಸ ಮಾಡುತ್ತಿದ್ದೇನೆ. ನಮ್ಮೂರಿನ ಯಾವ ಮನೆಯಲ್ಲಿ ಯಾರಿಗೆ ಮುಟ್ಟು ತಪ್ಪಿದೆ, ಯಾರಿಗೆ ಮೊದಲ ಹೆರಿಗೆ ಸಿಸೇರಿಯನ್ ಆಗಿತ್ತು, ಯಾರು ಕಬ್ಬಿಣದ ಗುಳಿಗೆಯನ್ನು ನುಂಗದೆ ಗೂಡಿನಲ್ಲಿ ಇಟ್ಟಿದ್ದಾರೆ ಎಂಬುದೆಲ್ಲ ನನಗೆ ಬಾಯಿಪಾಠ. ಈ ಪತ್ರವನ್ನು ತಾಲ್ಲೂಕು ಕಚೇರಿಗೆ ಕೊಟ್ಟು ಸುಮ್ಮನಾಗಬಹುದಿತ್ತು. ಬಹಿರಂಗವಾಗಿ ಬರೆಯಲು ಕಾರಣವಿದೆ. ನಾನು ಹೇಳುವುದು ಒಂದು ಊರಿನ ಕಥೆಯಲ್ಲ, ನನ್ನಂಥ ಸುಮಾರು 42 ಸಾವಿರ ಆಶಾಗಳು ಈ ರಾಜ್ಯದಲ್ಲಿ ದಿನಾ ಕಾಣುವ ಸಂಗತಿ.

ಹೋದ ವರ್ಷ ಶ್ರಾವಣದಲ್ಲಿ ನಡೆದದ್ದನ್ನು ಮೊದಲು ಹೇಳುತ್ತೇನೆ. ಅವಳ ಹೆಸರು ಬೇಡ. ಎರಡನೆಯ ಬಸಿರು, ಎಂಟು ತಿಂಗಳು ತುಂಬಿತ್ತು. ಉಪಕೇಂದ್ರದಲ್ಲಿ ಪರೀಕ್ಷೆ ಮಾಡಿದಾಗ ರಕ್ತ (ಹಿಮೋಗ್ಲೋಬಿನ್) 6.8 ಗ್ರಾಂ, ಬಿಪಿ 140/90. ಸಿಸ್ಟರ್ ತಾಯಿ ಕಾರ್ಡಿನಲ್ಲಿ ಬರೆದು ಕೆಂಪು ಪೆನ್ನಿನಿಂದ ಸುತ್ತು ಹಾಕಿದರು. ಅದೇ ಸಂಜೆ ಗರ್ಭಿಣಿಯರ ವಿವರ ದಾಖಲಿಸುವ ಸರ್ಕಾರದ ಆರ್‌ಸಿಎಚ್ ಪೋರ್ಟಲ್ಲಿಗೂ ಏರಿಸಿದರು. ನಾನು ಪಕ್ಕದಲ್ಲೇ ಕೂತಿದ್ದೆ. ನೆಟ್‌ವರ್ಕ್ ಸಿಗಲೆಂದು ಅವರು ಟ್ಯಾಬ್ ಹಿಡಿದುಕೊಂಡು ಹೊರಗೆ ಬೇವಿನ ಮರದ ಕಟ್ಟೆಗೆ ಬಂದು, ಎರಡು ಸಲ ಫೇಲಾಗಿ, ಮೂರನೆಯ ಸಲಕ್ಕೆ ಸೇವ್ ಆಯಿತು. ಆಮೇಲೆ ಹನ್ನೆರಡು ದಿನ ಕಳೆದವು. ಆ 6.8ನ್ನು ನೋಡಿ ಯಾರೊಬ್ಬರೂ ನಮಗೆ ಫೋನ್ ಮಾಡಲಿಲ್ಲ. 'ಈ ಹೆಣ್ಣುಮಗಳು ದವಾಖಾನೆಗೆ ಬಂದಳಾ, ರಕ್ತ ಏರಿಸಿದರಾ' ಎಂದು ಕೇಳಲಿಲ್ಲ.

ನಾವು ಕೈಕಟ್ಟಿ ಕೂತಿರಲಿಲ್ಲ. ನಾನು ಎರಡು ಸಲ ಅವಳ ಮನೆಗೆ ಹೋದೆ. ತಾಲ್ಲೂಕಿಗೆ ಕರೆದುಕೊಂಡು ಹೋಗಲು ಸಿದ್ಧಳಿದ್ದೆ. ಅತ್ತೆ ಬಿಡಲಿಲ್ಲ. 'ಕಳೆ ತಗಿಯೋದು ಐತಿ, ಅಮಾಸಿ ಮುಗೀಲಿ, ಆಮ್ಯಾಲ ಕಳಸ್ತೀನಿ ತಗೋ' ಎಂದರು. ಆಶಾ ಹೇಳಿದ ಮಾತಿಗೆ ಇರುವ ತೂಕ ಅಷ್ಟೇ, ಮಾನ್ಯರೇ. ದಿನಾ ಬಾಗಿಲಿಗೆ ಬರುವವಳ ಮಾತು. ಅದೇ ದೊಡ್ಡ ದವಾಖಾನೆಯಿಂದ ಡಾಕ್ಟರಮ್ಮ ಒಂದು ಫೋನ್ ಮಾಡಿ 'ಅಮ್ಮಾ, ನಿಮ್ಮ ಸೊಸೆಯ ರಕ್ತ ನೋಡಿದೆ, ನಾಳೆ ಕಳಿಸಿ' ಎಂದಿದ್ದರೆ ಆ ಅತ್ತೆ ಅಮಾವಾಸ್ಯೆ ನೋಡುತ್ತಿರಲಿಲ್ಲ.

ಹದಿಮೂರನೆಯ ರಾತ್ರಿ ಹನ್ನೊಂದರ ಹೊತ್ತಿಗೆ ಪಕ್ಕದ ಮನೆಯವರ ಫೋನಿನಿಂದ ಅವಳೇ ಮಾತಾಡಿದಳು. 'ಅಕ್ಕಾ, ತೆಲಿ ಭಾಳ ನೋಯ್ಲಿಕತ್ತದ, ಕಣ್ಣಿಗಿ ಮಬ್ಬ ಮಬ್ಬ ಕಾಣ್ಲಿಕತ್ತದ.' ಆ ಎರಡು ಮಾತು ಕೇಳಿದರೆ ಸಾಕು, ಯಾವ ಆಶಾಗೂ ಕಾಲು ನಡುಗುತ್ತದೆ. 108ಕ್ಕೆ ಫೋನ್ ಮಾಡಿದೆ. ಗಾಡಿ ಬರಲು ಐವತ್ತು ನಿಮಿಷ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೋಡಿದರೆ ಬಿಪಿ 170/110. ಡ್ಯೂಟಿಯಲ್ಲಿದ್ದ ಸ್ಟಾಫ್ ನರ್ಸ್ ಫಿಟ್ಸ್ ಬರದಂತೆ ಮ್ಯಾಗ್ನೀಷಿಯಂ ಇಂಜೆಕ್ಷನ್ ಕೊಟ್ಟು ಮುಂದಕ್ಕೆ ಕಳಿಸಿದರು. ಮುಂದಿನ ಆಸ್ಪತ್ರೆಯಲ್ಲಿ ಆ ರಾತ್ರಿ ಅರಿವಳಿಕೆ ಕೊಡುವ ಡಾಕ್ಟರ್ ಇರಲಿಲ್ಲ. ಅಲ್ಲಿಂದಲೂ ಮುಂದಕ್ಕೆ. ಹೋದ ಕಡೆಯಲ್ಲೆಲ್ಲ ಅವೇ ಪ್ರಶ್ನೆಗಳು: ವಯಸ್ಸೆಷ್ಟು, ಎಷ್ಟನೇ ಹೆರಿಗೆ, ಬ್ಲಡ್ ಗ್ರೂಪ್ ಯಾವುದು, ಸ್ಕ್ಯಾನಿಂಗ್ ಎಲ್ಲಿ ಮಾಡಿಸಿದ್ದು. ಒಂದು ಕೈಯಲ್ಲಿ ಅವಳ ಕೈ, ಇನ್ನೊಂದು ಕೈಯಲ್ಲಿ ಮಡಚಿ ಮಡಚಿ ಹರಿದ ತಾಯಿ ಕಾರ್ಡ್ ಹಿಡಿದು ನಾನು ಉತ್ತರ ಹೇಳುತ್ತಿದ್ದೆ. ಅವಳ ಹನ್ನೆರಡು ಅಂಕಿಯ ಆರ್‌ಸಿಎಚ್ ನಂಬರನ್ನು ಯಾರೂ ಕೇಳಲಿಲ್ಲ, ಯಾವ ಕಂಪ್ಯೂಟರಿಗೂ ಹಾಕಲಿಲ್ಲ.

ಆದರೂ ಅವಳು ಬದುಕಿದಳು. ಹೇಗೆಂದರೆ, ನಮ್ಮ ಪಿಎಚ್‌ಸಿಯ ಆ ಸ್ಟಾಫ್ ನರ್ಸ್, ಗಾಡಿ ಹೊರಡುವ ಮುಂಚೆ ತಾಯಿ ಕಾರ್ಡಿನ ಎರಡು ಪುಟ ಮತ್ತು ರೆಫರಲ್ ಚೀಟಿಯ ಫೋಟೊ ತೆಗೆದು, ದೊಡ್ಡ ಆಸ್ಪತ್ರೆಯಲ್ಲಿದ್ದ ತಮ್ಮ ನರ್ಸಿಂಗ್ ಗೆಳತಿಗೆ ವಾಟ್ಸ್ಆ್ಯಪ್ ಮಾಡಿದ್ದರು. ನಾವು ನಸುಕಿನ ಮೂರು ನಲವತ್ತಕ್ಕೆ ಹೋಗಿ ಇಳಿದಾಗ ಬಾಗಿಲಲ್ಲಿ ಸ್ಟ್ರೆಚರ್ ಇತ್ತು, ಅವಳ ಗುಂಪಿನ ಎರಡು ಬಾಟಲಿ ರಕ್ತ ಎತ್ತಿಟ್ಟಿದ್ದರು, ಡಾಕ್ಟರಮ್ಮ ಎದ್ದು ಕಾಯುತ್ತಿದ್ದರು. ತಾಯಿ ಉಳಿದಳು. ಕೂಸು ಉಳಿಯಲಿಲ್ಲ. ಗಂಡುಕೂಸು, ಎರಡು ಕಿಲೊ ನೂರು ಗ್ರಾಂ ಇತ್ತು. ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅತ್ತೆಯ ಮಡಿಲಿಗೆ ಕೊಟ್ಟವಳು ನಾನೇ.

ಆ ಬೆಳಗಿನಿಂದ ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿದೆ. ಆ ರಾತ್ರಿ ಕೆಲಸಕ್ಕೆ ಬಂದದ್ದು ಒಬ್ಬ ನರ್ಸಿನ ಸ್ವಂತ ಫೋನು, ಅವರ ಸ್ವಂತ ರೀಚಾರ್ಜು, ಅವರ ಗೆಳೆತನ. ಸರ್ಕಾರ ಕಟ್ಟಿದ ಪೋರ್ಟಲ್ಲಿಗೆ ಹನ್ನೆರಡು ದಿನ ಮೊದಲೇ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಅದು ಯಾರಿಗೂ ಹೇಳಲಿಲ್ಲ. ಆ ನರ್ಸಿಗೆ ಅಂಥ ಗೆಳತಿ ಇಲ್ಲದೆ ಹೋಗಿದ್ದರೆ?

ಮಾನ್ಯರೇ, ಆದ ಒಳ್ಳೆಯದನ್ನು ಮರೆಯುವವಳು ನಾನಲ್ಲ. 2001-03ರಲ್ಲಿ ನಮ್ಮ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಲೆಕ್ಕಕ್ಕೆ ಅದು 69ಕ್ಕೆ ಇಳಿದಿತ್ತು. 2008ರಲ್ಲಿ 108 ಬಂತು, ಅದಕ್ಕೂ ಮುಂಚೆ ಹೆರಿಗೆ ನೋವು ತಿನ್ನುವವರನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈಗ ಮನೆಯಲ್ಲಿ ಹೆರಿಗೆ ಎಂಬುದು ನಮ್ಮೂರಲ್ಲಿ ಅಪರೂಪ. ಆದರೆ ಅದೇ 2018-20ರಲ್ಲಿ ಕೇರಳದಲ್ಲಿ 19 ಇತ್ತು. ಅಲ್ಲಿ 2004ರಿಂದಲೇ ಪ್ರತಿಯೊಂದು ತಾಯಿ ಸಾವನ್ನು ಹೆಸರು ಗುಟ್ಟಾಗಿಟ್ಟು, ಯಾರನ್ನೂ ಬಯ್ಯದೆ, ಎಲ್ಲಿ ತಪ್ಪಿತು ಎಂದು ಡಾಕ್ಟರುಗಳೇ ಕೂತು ನೋಡುತ್ತಾರಂತೆ. ನಮ್ಮಲ್ಲಿ ಸಾವಾದರೆ ಮೊದಲು ಬರುವುದು ನೋಟಿಸು. ನೋಟಿಸಿಗೆ ಹೆದರಿದವರು ಸತ್ಯ ಬರೆಯುವುದಿಲ್ಲ, ರಿಜಿಸ್ಟರು ತಿದ್ದುತ್ತಾರೆ.

ಯಂತ್ರಗಳಿಂದ ಏನು ಉಪಕಾರವಾಗುತ್ತದೆ ಎಂಬುದಕ್ಕೂ ಒಂದು ಸಾಕ್ಷಿ ಹೇಳಬೇಕು. ಮುಂಚೆ ರಕ್ತ ಪರೀಕ್ಷೆ ಎಂದರೆ ಹನಿ ರಕ್ತವನ್ನು ಕಾಗದಕ್ಕೆ ಹಚ್ಚಿ ಬಣ್ಣ ಹೋಲಿಸಿ ನೋಡುವುದು. 'ಕೆಂಪಗೇ ಐತಲ್ಲ' ಎಂದು ಮನೆಯವರು ವಾದಿಸುತ್ತಿದ್ದರು. ಈಗ ಅಂಗೈ ಅಗಲದ ಡಿಜಿಟಲ್ ಯಂತ್ರ ಬಂದಿದೆ. ಬೆರಳು ಚುಚ್ಚಿ, ಪಟ್ಟಿಗೆ ಒಂದು ಹನಿ ತಾಗಿಸಿದರೆ ನಿಮಿಷದೊಳಗೆ ಅಂಕಿ ಬರುತ್ತದೆ. ಆ ಅಂಕಿಯನ್ನು ಗರ್ಭಿಣಿ ತಾನೇ ನೋಡುತ್ತಾಳೆ, ಅತ್ತೆಗೆ ತೋರಿಸುತ್ತಾಳೆ. ಓದು ಬಾರದ ಅತ್ತೆಯಂದಿರೂ ಈಗ 'ಹತ್ತಕ್ಕ ಬಂತೇನ್ರಿ?' ಎಂದು ಕೇಳುತ್ತಾರೆ. ಹದಿನಾಲ್ಕು ವರ್ಷ ನಾನು ಗಂಟಲು ಹರಿದುಕೊಂಡು ಹೇಳಿದ್ದನ್ನು ಆ ಸಣ್ಣ ಯಂತ್ರ ಎರಡು ತಿಂಗಳಲ್ಲಿ ಹೇಳಿತು. ಆದರೆ ಪಟ್ಟಿ ಮುಗಿದರೆ ಅದು ಬರೀ ಡಬ್ಬಿ. ಈ ವರ್ಷ ಏಳು ವಾರ ಪಟ್ಟಿ ಇರಲಿಲ್ಲ. ಆ ಏಳು ವಾರವೂ ಪೋರ್ಟಲ್ ರಕ್ತದ ಅಂಕಿ ಕೇಳುವುದನ್ನು ನಿಲ್ಲಿಸಲಿಲ್ಲ. ಖಾಲಿ ಬಿಟ್ಟರೆ ಮುಂದಕ್ಕೇ ಹೋಗುವುದಿಲ್ಲ. ಏನು ತುಂಬಿರಬಹುದು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ (ಎನ್‌ಎಫ್‌ಎಚ್‌ಎಸ್-5) ನಮ್ಮ ರಾಜ್ಯದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 46 ಮಂದಿಗೆ ರಕ್ತಹೀನತೆ ಇತ್ತು. ಇಂಥ ಕಡೆ ಊಹೆಯ ಅಂಕಿ ತುಂಬುವುದು ಪಾಪ, ಆದರೆ ತುಂಬಿಸುತ್ತಿರುವುದು ಆ ಆ್ಯಪೇ.

ಇನ್ನು ನಮ್ಮ ಸೀಮೆಯ ಹೆಣ್ಣುಮಕ್ಕಳು ಒಂದು ಕಡೆ ನಿಲ್ಲುವವರಲ್ಲ ಎಂಬುದನ್ನು ಬೆಂಗಳೂರಿನಲ್ಲಿ ಆ್ಯಪ್ ಮಾಡಿದವರು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಚೊಚ್ಚಲ ಹೆರಿಗೆಗೆ ಕುಬಸ ಮಾಡಿ ತವರಿಗೆ ಕಳಿಸುತ್ತಾರೆ. ಸುಗ್ಗಿ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಗುಳೆ ಹೋಗುತ್ತಾರೆ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ, ಕಬ್ಬು ಕಡಿಯಲು, ಪುಣೆ, ಗೋವಾ ಕಡೆಗೆ. ಏಳು ತಿಂಗಳ ಬಸುರಿ ಇಟ್ಟಿಗೆ ಹೊರುತ್ತಾಳೆ. ಹೋಗುವಾಗ ತಾಯಿ ಕಾರ್ಡ್ ಟ್ರಂಕಿನಲ್ಲೇ ಉಳಿದಿರುತ್ತದೆ. ನನ್ನ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ 'ವಲಸೆ' ಎಂದು ಬೀಳುತ್ತದೆ, ಅಲ್ಲಿಗೆ ಅವಳು ನಮ್ಮ ಲೆಕ್ಕದಿಂದ ಹೊರಗೆ. ಅವಳು ಹೋದ ಊರಿನ ಆಶಾಗೆ ಅವಳು ಬಂದಿದ್ದೇ ಗೊತ್ತಾಗುವುದಿಲ್ಲ. ಬ್ಯಾಂಕಿನಲ್ಲಿ ಇಲ್ಲಿ ಕಟ್ಟಿದ ದುಡ್ಡನ್ನು ಪುಣೆಯಲ್ಲಿ ತೆಗೆಯಬಹುದು. ಇಲ್ಲಿ ಬರೆದ ಬಿಪಿ ಅಲ್ಲಿ ಯಾಕೆ ಕಾಣಬಾರದು?

ಕಾರ್ಡ್ ಕೈಯಲ್ಲಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಈ ರಾಜ್ಯ ನೋಡಿದೆ. 2022ರ ನವೆಂಬರಿನಲ್ಲಿ ತುಮಕೂರಿನಲ್ಲಿ, ತಮಿಳುನಾಡಿನಿಂದ ಬಂದಿದ್ದ ತುಂಬು ಗರ್ಭಿಣಿಯೊಬ್ಬರನ್ನು ತಾಯಿ ಕಾರ್ಡ್, ಆಧಾರ್ ಇಲ್ಲವೆಂದು ದಾಖಲು ಮಾಡಿಕೊಳ್ಳದೆ ಕಳಿಸಿದರೆಂಬ ಆರೋಪ ಬಂತು. ಮನೆಯಲ್ಲೇ ಹೆರಿಗೆಯಾಗಿ ತಾಯಿಯೂ ಅವಳಿ ಕೂಸುಗಳೂ ತೀರಿಕೊಂಡರು. ಸಿಬ್ಬಂದಿ ಅಮಾನತಾದರು, ತುರ್ತಿನಲ್ಲಿ ದಾಖಲೆ ಕೇಳಬೇಡಿ ಎಂದು ಆದೇಶವಾಯಿತು. ಆದೇಶದ ಪ್ರತಿ ಎಲ್ಲ ಆಸ್ಪತ್ರೆಯ ಗೋಡೆಯಲ್ಲೂ ಇರಬೇಕಿತ್ತು. ನಾನು ಓಡಾಡುವ ಮೂರು ಕಡೆ ಎಲ್ಲೂ ಕಂಡಿಲ್ಲ. ಗುರುತಿನ ನಂಬರು ಅಂದರೆ ಬಾಗಿಲು ತೆಗೆಯುವ ಕೀಲಿ. ಅದನ್ನೇ ಬೀಗ ಮಾಡಬೇಡಿ.

ಬೀಗದ ಮಾತು ಬಂದದ್ದರಿಂದ ಓಟಿಪಿಯ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮೂರಿನಲ್ಲಿ ಫೋನ್ ಮನೆಗೊಂದು, ಅದು ಇರುವುದು ಗಂಡಸಿನ ಕಿಸೆಯಲ್ಲಿ. ದೇಶದ ಸಮೀಕ್ಷೆಯೂ ಇದನ್ನೇ ಹೇಳುತ್ತದೆ: 2019-21ರಲ್ಲಿ ತಾವೇ ಬಳಸುವ ಫೋನ್ ಇದ್ದ ಹೆಂಗಸರು ನೂರಕ್ಕೆ 54, ಇಂಟರ್‌ನೆಟ್ ಬಳಸಿದ್ದವರು ಹಳ್ಳಿಗಳಲ್ಲಿ ನೂರಕ್ಕೆ 25 ಮಂದಿಯೂ ಇಲ್ಲ. ಮಾತೃವಂದನಾ ಯೋಜನೆಯ ಐದು ಸಾವಿರಕ್ಕೆ ಅರ್ಜಿ ಹಾಕಲು ಹೋದರೆ ಓಟಿಪಿ ಹೋಗುವುದು ಬೆಂಗಳೂರಿನಲ್ಲಿ ಸೆಂಟ್ರಿಂಗ್ ಹೊಡೆಯುವ ಗಂಡನ ಫೋನಿಗೆ. ಅವನು ಆರನೇ ಮಹಡಿಯಿಂದ ಇಳಿದು ಫೋನ್ ನೋಡುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. 2025ರ ಜುಲೈಯಿಂದ ಅಂಗನವಾಡಿಯಲ್ಲಿ ಮನೆಗೆ ಒಯ್ಯುವ ಆಹಾರಕ್ಕೂ ಮುಖದ ಗುರುತು ಬೇಕು. ಅದು ನಿಮ್ಮ ಇಲಾಖೆಯಲ್ಲ, ಬಲ್ಲೆ. ಆದರೆ ಎರಡೂ ಇಲಾಖೆಗೆ ಗರ್ಭಿಣಿ ಒಬ್ಬಳೇ. ಬಸಿರಿನಲ್ಲಿ ಮುಖ ಊದಿಕೊಂಡವಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಸೆರಗು ಸರಿಸಿ, ಕಣ್ಣು ಮಿಟುಕಿಸು ಎಂದು ನಮ್ಮ ಅಂಗನವಾಡಿ ಅಕ್ಕ ನಾಲ್ಕು ಸಲ ಫೋನ್ ಹಿಡಿದದ್ದನ್ನು ನೋಡಿದೆ. ಮುಖ ಊದಿದ್ದು ಬಿಪಿಯ ಲಕ್ಷಣವಾಗಿರಬಹುದು. ಅದನ್ನು ಕೇಳುವ ಜಾಗ ಆ ಆ್ಯಪಿನಲ್ಲಿ ಇರಲಿಲ್ಲ.

ನಮ್ಮ ದುಡ್ಡಿನ ವಿಷಯ ಚುಟುಕಾಗಿ ಹೇಳುತ್ತೇನೆ. ನಮ್ಮ ಪ್ರೋತ್ಸಾಹಧನವನ್ನು ಪೋರ್ಟಲ್ಲಿಗೆ ಜೋಡಿಸಿದ್ದೀರಿ. ಒಂಬತ್ತು ತಿಂಗಳು ನಾನು ಓಡಾಡಿದ ಗರ್ಭಿಣಿ ತವರಿಗೆ ಹೋಗಿ ಹೆತ್ತರೆ, ಅಥವಾ ಯಾರೋ ಒಂದು ತಾರೀಖು ತಪ್ಪು ಹೊಡೆದರೆ, ನನ್ನ ಕೆಲಸ ಕಾಣುವುದಿಲ್ಲ, ಹಣವೂ ಬರುವುದಿಲ್ಲ. ಡಾಟಾ ತುಂಬುವುದು ನಾನಲ್ಲ, ಕಡಿತವಾಗುವುದು ನನ್ನದು. 2025ರ ಜನವರಿಯಲ್ಲಿ ಸಾವಿರಾರು ಆಶಾಗಳು ಫ್ರೀಡಂ ಪಾರ್ಕಿನ ಚಳಿಯಲ್ಲಿ ರಾತ್ರಿ ಕಳೆದಾಗ ಈ ಬೇಡಿಕೆಯೂ ಅದರಲ್ಲಿತ್ತು. ಅದಕ್ಕಿಂತ ದೊಡ್ಡ ಕೇಡು ಇನ್ನೊಂದಿದೆ. ಅಂಕಿಗೆ ದುಡ್ಡು ಕಟ್ಟಿದ ದಿನದಿಂದ ಎಲ್ಲರ ಕಣ್ಣು ಅಂಕಿಯ ಮೇಲೆ. ತಿಂಗಳ ಸಭೆಯಲ್ಲಿ ಕೇಳುವುದು 'ಎಂಟ್ರಿ ಎಷ್ಟು ಬಾಕಿ' ಎಂದು. 'ಯಾರ ಆರೋಗ್ಯ ಕೆಟ್ಟಿದೆ' ಎಂದು ಕೇಳಿದ್ದನ್ನು ನಾನು ಬೆರಳೆಣಿಕೆಯಷ್ಟು ಸಲ ಕೇಳಿದ್ದೇನೆ.

ಹಾಗಾದರೆ ನಾನು ಕೇಳುವುದೇನು?

ಎಲ್ಲಕ್ಕಿಂತ ಮೊದಲು, ಏರಿಸಿದ ಅಂಕಿಗೆ ಉತ್ತರ ಬರಲಿ. ರಕ್ತ 7ಕ್ಕಿಂತ ಕೆಳಗೆ, ಅಥವಾ ಬಿಪಿ 140/90 ಮುಟ್ಟಿತು ಎಂದು ದಾಖಲಾದ ದಿನವೇ ಅದು ಹೆಸರು ಹೇಳಿ ಗೊತ್ತುಮಾಡಿದ ಒಬ್ಬ ಡಾಕ್ಟರರ ಫೋನಿಗೆ ಹೋಗಬೇಕು. ಅವರು ಎರಡು ದಿನದೊಳಗೆ ಆ ಮನೆಗೆ ಫೋನ್ ಮಾಡಿ ಮಾತಾಡಬೇಕು, ಮಾತಾಡಿದ್ದನ್ನು ಅಲ್ಲೇ ಬರೆಯಬೇಕು. ಇದು ನಾನು ಹೊಸದಾಗಿ ಹುಟ್ಟಿಸಿದ ಮಾತಲ್ಲ. ಕೇಂದ್ರದ ಸುರಕ್ಷಿತ ಮಾತೃತ್ವ ಅಭಿಯಾನದ ವಿಸ್ತರಿತ ಯೋಜನೆಯಲ್ಲಿ, ಅಪಾಯದ ಗರ್ಭಿಣಿಯರನ್ನು ಒಬ್ಬೊಬ್ಬರನ್ನಾಗಿ ಹೆರಿಗೆಯಾಗಿ 45 ದಿನದವರೆಗೆ ಹಿಂಬಾಲಿಸಬೇಕು, ಅವರಿಗೂ ಆಶಾಗೂ ಸಂದೇಶ ಹೋಗಬೇಕು ಎಂದೇ ಇದೆ. ಈ ಅಭಿಯಾನದ ತಪಾಸಣೆಗೆ ಪ್ರತಿ ತಿಂಗಳ 9ರಂದು ನಮ್ಮ ಪಿಎಚ್‌ಸಿಯ ಅಂಗಳ ತುಂಬುತ್ತದೆ, ಫೋಟೊ ಮೇಲೆ ಹೋಗುತ್ತದೆ. 10ನೇ ತಾರೀಖಿನಿಂದ ಮುಂದಿನ 9ರವರೆಗೆ ಅವರನ್ನು ನೋಡಿಕೊಳ್ಳುವವರು ಯಾರು ಎಂಬುದು ಗೊತ್ತಾಗಬೇಕು.

ಆ ನರ್ಸ್ ವಾಟ್ಸ್ಆ್ಯಪಿನಲ್ಲಿ ಮಾಡಿದ್ದನ್ನು ಸರ್ಕಾರವೇ ಸರಿಯಾದ ರೀತಿಯಲ್ಲಿ ಮಾಡಲಿ. ಗಾಡಿ ಹೊರಟ ಕೂಡಲೇ ಮುಂದಿನ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಗಂಟೆ ಬಾರಿಸಬೇಕು, ಅವಳ ಬ್ಲಡ್ ಗ್ರೂಪ್, ಬಿಪಿ, ಕೊಟ್ಟ ಇಂಜೆಕ್ಷನ್ ಎಲ್ಲ ಅಲ್ಲಿ ಕಾಣಬೇಕು. ಅರಿವಳಿಕೆ ಡಾಕ್ಟರ್ ಇಲ್ಲದ ಆಸ್ಪತ್ರೆಗೆ ಗಾಡಿ ಹೋಗಲೇಬಾರದು. ಇವತ್ತು ರಾತ್ರಿ ಎಲ್ಲಿ ಯಾವ ಡಾಕ್ಟರ್ ಇದ್ದಾರೆ, ರಕ್ತನಿಧಿಯಲ್ಲಿ ಯಾವ ಗುಂಪು ಎಷ್ಟಿದೆ ಎಂಬುದು 108ರ ಸಿಬ್ಬಂದಿಗೆ ಮೊದಲೇ ತಿಳಿದಿದ್ದರೆ ನಾವು ಆ ರಾತ್ರಿ ಒಂದೂವರೆ ಗಂಟೆ ಉಳಿಸುತ್ತಿದ್ದೆವು. ಇದನ್ನು ಖಾಸಗಿ ಫೋನುಗಳಿಗೇ ಬಿಟ್ಟರೆ ಇನ್ನೊಂದು ತೊಂದರೆ ಇದೆ. ತಾಯಿ ಕಾರ್ಡಿನಲ್ಲಿ ಬರೀ ರಕ್ತ, ಬಿಪಿ ಇರುವುದಿಲ್ಲ. ಹೆಂಗಸೊಬ್ಬಳು ಗಂಡನಿಗೂ ಹೇಳದ ಸಂಗತಿಗಳು ಅದರಲ್ಲಿರುತ್ತವೆ. ಅದರ ಫೋಟೊ ಹತ್ತು ಗ್ರೂಪಿಗೆ ಹೋಗುವುದು ಸರಿಯಲ್ಲ. ಆದರೆ ಸರಿಯಾದ ದಾರಿ ಇಲ್ಲದಾಗ ನರ್ಸಮ್ಮ ಇನ್ನೇನು ಮಾಡಿಯಾರು?

ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ) ಇದ್ದಾರೆ, ದೂರದ ಡಾಕ್ಟರರ ಜೊತೆ ಆನ್‌ಲೈನಿನಲ್ಲಿ ಮಾತಾಡುವ ಇ-ಸಂಜೀವಿನಿ ಇದೆ. ವಾರದಲ್ಲಿ ಎರಡು ದಿನ, ಇಂಥ ಗಂಟೆ ಎಂದು ಗೊತ್ತುಮಾಡಿ ಹೆರಿಗೆ ತಜ್ಞೆಯೊಬ್ಬರು ನಮ್ಮ ಅಪಾಯದ ಗರ್ಭಿಣಿಯರ ಜೊತೆ ಮಾತಾಡಲು ಕೂರಲಿ. ಅತ್ತೆಯನ್ನೂ ಗಂಡನನ್ನೂ ಕರೆದು ಕೂರಿಸುವ ಜವಾಬ್ದಾರಿ ನನ್ನದು. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಆ್ಯಪ್ ಫೋನಿನಲ್ಲೇ ಉಳಿಸಿಕೊಂಡು, ಸಿಕ್ಕಾಗ ತಾನಾಗಿ ಕಳಿಸುವಂತೆ ಇರಲಿ. ಎಲ್ಲವೂ ಕನ್ನಡದಲ್ಲಿರಲಿ. ಓದು ಬಾರದವರಿಗೆ ಧ್ವನಿಯಲ್ಲಿ ಬರಲಿ. ಬೇರೆ ಹಲವು ರಾಜ್ಯಗಳಲ್ಲಿ 'ಕಿಲ್ಕಾರಿ' ಎಂಬ ಸೇವೆಯಿದೆ. ಬಸಿರಿನ ನಾಲ್ಕನೇ ತಿಂಗಳಿಂದ ಮಗುವಿಗೆ ವರ್ಷ ತುಂಬುವವರೆಗೆ ವಾರಕ್ಕೊಂದರಂತೆ 72 ಕರೆ, ಅವರ ಭಾಷೆಯಲ್ಲೇ. ನಮ್ಮ ಊರಿನ ಯಾವ ಗರ್ಭಿಣಿಗೂ ಅಂಥ ಕರೆ ಬಂದದ್ದನ್ನು ನಾನು ಕಂಡಿಲ್ಲ. ಸಂಜೆ ಏಳರ ಮೇಲೆ ಬರಲಿ, ಗಂಡ ಹೊಲದಿಂದ ಬಂದು ಫೋನ್ ಮನೆಯಲ್ಲಿರುವ ಹೊತ್ತಿಗೆ. ಗಂಡನ ಕಿವಿಗೂ ಬೀಳಲಿ. ಬೀದರಿನವಳಿಗೆ ಬೀದರಿನ ಮಾತಿನಲ್ಲಿ, ಕೊಡಗಿನವಳಿಗೆ ಅಲ್ಲಿನ ಮಾತಿನಲ್ಲಿ ಹೇಳಿದರೆ ಇನ್ನೂ ಒಳ್ಳೆಯದು.

ಒಂದೇ ಗರ್ಭಿಣಿಯ ವಿವರವನ್ನು ಮೂರು ರಿಜಿಸ್ಟರ್, ಮೂರು ಆ್ಯಪ್‌ಗಳಲ್ಲಿ ಬರೆಯುವುದನ್ನು ತಪ್ಪಿಸಿ. ಒಂದು ಸಲ ಬರೆದದ್ದು ಎಲ್ಲ ಕಡೆ ಹೋಗಲಿ, ತವರಿಗೂ ಗುಳೆಗೂ ಅವಳ ಜೊತೆ ಹೋಗಲಿ. ಅವಳು ಹೋದ ಊರಿನ ಆಶಾಗೆ 'ನಿಮ್ಮಲ್ಲಿಗೆ ಬರುತ್ತಿದ್ದಾಳೆ, ನೋಡಿಕೊಳ್ಳಿ' ಎಂದು ಸುದ್ದಿ ಮುಟ್ಟಲಿ. ನಮ್ಮ ಪ್ರೋತ್ಸಾಹಧನವನ್ನು ಪೋರ್ಟಲ್ಲಿನಿಂದ ಬಿಡಿಸಿ, ಸಿಸ್ಟರ್ ದೃಢೀಕರಿಸಿದ ಕೆಲಸದ ಮೇಲೆ ಕೊಡಿ. ರಕ್ತ ಪರೀಕ್ಷೆಯ ಪಟ್ಟಿ ಮುಗಿದಿದೆ ಎಂದು ಬರೆಯಲು ಆ್ಯಪಿನಲ್ಲಿ ಒಂದು ಜಾಗ ಕೊಡಿ, ಬರೆದ ವಾರದೊಳಗೆ ಪಟ್ಟಿ ಕಳಿಸಿ.

ಇಷ್ಟನ್ನೂ ಮಾಡುವ ಮುಂಚೆ ನಿಮ್ಮ ತಾಂತ್ರಿಕ ವಿಭಾಗದವರನ್ನು ಒಂದು ದಿನ ನಮ್ಮ ಉಪಕೇಂದ್ರಕ್ಕೆ ಕಳಿಸಿಕೊಡಿ. ಲಸಿಕೆ ಹಾಕುವ ಗುರುವಾರ ಬಂದರೆ ಒಳ್ಳೆಯದು. ಸಿಸ್ಟರ್ ಪಕ್ಕದಲ್ಲಿ ಕೂತು, ಬೇವಿನ ಕಟ್ಟೆಯ ಮೇಲೆ ಒಂದು ಎಂಟ್ರಿ ಮಾಡಿ ನೋಡಲಿ. ಊಟ ನಮ್ಮ ಮನೆಯಲ್ಲಿ.

ಈ ತಿಂಗಳು ನನ್ನ ಪಟ್ಟಿಯಲ್ಲಿ ಹನ್ನೊಂದು ಗರ್ಭಿಣಿಯರಿದ್ದಾರೆ. ಇಬ್ಬರ ರಕ್ತ 7ರ ಆಸುಪಾಸಿನಲ್ಲಿದೆ. ಅವರಲ್ಲಿ ಒಬ್ಬಳಿಗೆ ಈಗ ಐದು ತಿಂಗಳು. ದೀಪಾವಳಿ ಮುಗಿಸಿ ಗಂಡನ ಜೊತೆ ಬೆಂಗಳೂರಿಗೆ ಕೆಲಸಕ್ಕೆ ಹೊರಡುತ್ತಾಳೆ, ಬೇಡವೆಂದರೂ ಕೇಳುವ ಸ್ಥಿತಿಯಲ್ಲಿ ಅವರ ಮನೆ ಇಲ್ಲ, ಸಾಲ ಇದೆ. ಅವಳ ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಟ್ಟೆಯ ಗಂಟಿನೊಳಗೆ ನಾನೇ ಇಡುತ್ತೇನೆ, ಅದರ ಹಿಂದೆ ನನ್ನ ಫೋನ್ ನಂಬರ್ ಬರೆಯುತ್ತೇನೆ. ಅವಳು ಅಲ್ಲಿ ಇಳಿಯುವ ಬಡಾವಣೆಯ ಆಶಾ ಯಾರು ಎಂದು ನನಗೆ ತಿಳಿಸುವ ವ್ಯವಸ್ಥೆಯನ್ನು ಅಷ್ಟರೊಳಗೆ ಮಾಡಿಕೊಡಬೇಕೆಂದು ಕೈಮುಗಿದು ಕೇಳುತ್ತೇನೆ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಆಶಾ ಕಾರ್ಯಕರ್ತೆ
ಕಲ್ಯಾಣ ಕರ್ನಾಟಕ